ಟಪಾಲಣ್ಣ ಗೇಟು ದಾಟದ ಮಧ್ಯಾಹ್ನ

ಆ ಫೋಟೋ ನೋಡಿ ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸಿಗೆ ಕಾಯುತ್ತಾ ಒಂದು, ಊಟದ ತಟ್ಟೆಯ ಮುಂದೆ ಒಂದು, ಹೀಗೆ ಜನ ದಿನಕ್ಕೆ ನೂರು ಫೋಟೋ ನೋಡಿ ನಗುತ್ತಾರೆ, ಬೆಳಗಾದರೆ ಮರೆಯುತ್ತಾರೆ. ನನ್ನ ಸಿಟ್ಟೆಲ್ಲ ಮಂತ್ರಿಗಳ ಪೇಜು ನಡೆಸುತ್ತಿದ್ದ ಮನುಷ್ಯನ ಮೇಲೆ. ಆರು ವರ್ಷವಾದರೂ ಅದು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಪತ್ರ ತಲುಪುವ ಮೊದಲೇ ಊರಿಗೆಲ್ಲ ಡಂಗುರ ಹೊಡೆದು, ಏಳು ಮನೆಗಳ ಜೀವ ಹಿಂಡಿ, ಕೊನೆಗೆ ಅದೇ ಪತ್ರದ ಹೆಸರಿನಲ್ಲಿ ಚಪ್ಪಾಳೆ ಹೊಡೆಸಿಕೊಂಡವನು ಅವನು. ಪತ್ರ ತಲುಪಿಸಿದವರ ಹೆಸರು ಎಲ್ಲಿಯೂ ಬರಲಿಲ್ಲ. ಬಂದದ್ದು ಅವರ ಬಾಗಿದ ಬೆನ್ನು ಮಾತ್ರ.

ಅವರನ್ನು ಎಲ್ಲರೂ ಟಪಾಲಣ್ಣ ಎಂದೇ ಕರೆಯುತ್ತಿದ್ದರು. ವಿದೇಶಾಂಗ ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಟಿವಿಯಲ್ಲಿ ಯಾವ ದೇಶದವರು ಯಾರನ್ನು ಎಷ್ಟೇ ತಬ್ಬಿಕೊಳ್ಳಲಿ, ಕೊನೆಗೆ ಲೆಕ್ಕಕ್ಕೆ ಬರುವುದು ಕಾಗದ. ಆ ಕಾಗದವನ್ನು ಲಕೋಟೆಗೆ ಹಾಕಿ, ಕೆಂಪು ಅರಗು ಕರಗಿಸಿ ಮೊಹರು ಒತ್ತಿ, ಆ ದೇಶದ ರಾಯಭಾರ ಕಚೇರಿಗೆ ಒಯ್ದು ಕೊಟ್ಟು, ಟಪಾಲು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರುವುದು ಅವರ ಕೆಲಸ. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ, ಕೊನೆಯ ಒಂಬತ್ತು ವರ್ಷ ಕಾರಿನಲ್ಲಿ. ಆ ಕಾರಿನ ಡ್ರೈವರ್ ನಾನು.

ಒಣಕಲು ಆಳು. ಕಿವಿ ಮಾತ್ರ ಅವರ ಅಳತೆಯದಲ್ಲ, ಯಾರೋ ದೊಡ್ಡವರದ್ದು ತಪ್ಪಿ ಇವರಿಗೆ ಬಂದಂತಿದ್ದವು. ಹೆಗಲಿಗೆ ತೇಪೆ ಹಾಕಿದ ಕ್ಯಾನ್ವಾಸ್ ಚೀಲ, ಅದರೊಳಗೆ ಪುಸ್ತಕ, ಪುಸ್ತಕಕ್ಕೆ ದಾರ ಕಟ್ಟಿ ತೂಗುಬಿಟ್ಟ ಪೆನ್ನು.

"ಏನಣ್ಣ, ಬ್ಯಾಂಕಿನವರ ಹಾಗೆ ಪೆನ್ನು ಕಟ್ಟಿ ಹಾಕಿದ್ದೀರಲ್ಲ?" ಎಂದು ನಾನು ಮೊದಲ ದಿನವೇ ಕೇಳಿದ್ದೆ.

"ಬ್ಯಾಂಕಿಗೆ ಬರೋರು ಬಡವರಪ್ಪ, ಪೆನ್ನು ವಾಪಸ್ ಇಟ್ಟು ಹೋಗ್ತಾರೆ. ನಾವು ಹೋಗೋದು ದೊಡ್ಡವರ ಮನೆಗೆ" ಎಂದಿದ್ದರು.

ಅವರ ಕೆಲಸದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಅವನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಹಿಯ ಪಕ್ಕದಲ್ಲಿ ಪತ್ರ ತಲುಪಿದ ಹೊತ್ತು ಬರೆಯಬೇಕು. ಅದನ್ನು ಅವರು ತಮ್ಮ ಕೈಗಡಿಯಾರ ನೋಡಿ ಬರೆಸುತ್ತಿರಲಿಲ್ಲ. ಪತ್ರ ತೆಗೆದುಕೊಳ್ಳುವವರ ಗೋಡೆಯ ಗಡಿಯಾರ ಎಷ್ಟು ತೋರಿಸುತ್ತದೋ ಅಷ್ಟೇ. ಮುಂದಿದ್ದರೂ ಸರಿ, ಹಿಂದಿದ್ದರೂ ಸರಿ. "ಅವರ ಗಡಿಯಾರ ಸುಳ್ಳು ಅಂತ ನಾಳೆ ಅವರೇ ಹೇಳೋಕಾಗಲ್ಲ ನೋಡು" ಎನ್ನುತ್ತಿದ್ದರು.

ಎರಡನೆಯದು ಗೇಟಿನದು. ಪತ್ರ ಹಿಡಿದು ರಾಯಭಾರ ಕಚೇರಿಯ ಗೇಟಿನೊಳಗೆ ಹೋದ ಮೇಲೆ, ಅಲ್ಲಿಯವರು ಸಹಿ ಹಾಕಿ ತೆಗೆದುಕೊಂಡರೆ ತಲುಪಿತು ಎಂದಾಯಿತು. ಪತ್ರದ ಸಮೇತ ಗೇಟಿನಿಂದ ಹೊರಗೆ ಕಾಲಿಟ್ಟರೆ ಅವರು ಬೇಡವೆಂದರು ಎಂದಾಯಿತು. ಆಮೇಲೆ ಅದೇ ಪತ್ರವನ್ನು ಮತ್ತೆ ಒಯ್ಯುವಂತಿಲ್ಲ. ಹೊಸ ಪತ್ರ, ಹೊಸ ಸಹಿ, ಹೊಸ ಮಾತುಕತೆ. ಆದರೆ ಒಳಗೇ ಕಾಯುತ್ತಿದ್ದರೆ ಅದೂ ಅಲ್ಲ, ಇದೂ ಅಲ್ಲ. ಒಮ್ಮೆ ಯಾವುದೋ ರಾಯಭಾರ ಕಚೇರಿಯ ಗುಮಾಸ್ತ ಹಲ್ಲು ಕೀಳಿಸಲು ಹೋಗಿದ್ದನೆಂದು ಟಪಾಲಣ್ಣ ಬೆಳಗಿನಿಂದ ಸಂಜೆಯವರೆಗೆ ಅಲ್ಲಿಯ ಮೆಟ್ಟಿಲ ಮೇಲೆ ಕೂತಿದ್ದರಂತೆ. ಕೆನ್ನೆ ಊದಿಸಿಕೊಂಡು ಬಂದವನ ಕೈಯಲ್ಲೇ ಸಹಿ ಹಾಕಿಸಿಕೊಂಡು ಬಂದರಂತೆ.

ನಾನು ಅವರಿಗೆ ತದ್ವಿರುದ್ಧ. ನನ್ನ ಬಾಯಿ, ನನ್ನ ಕೈ ಎರಡೂ ನನ್ನ ಮಾತು ಕೇಳುವವಲ್ಲ. ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಕಿತ್ತು ಮುರಿದು ಮನೆಗೆ ಬಂದವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆದರೆ ನಾನು ಬಾಗಿಲು ತೆರೆಯುತ್ತಿದ್ದೆ. ಟಪಾಲಣ್ಣ ಹಿಂದಿನ ಸೀಟಿನಿಂದ ನನ್ನ ಭುಜದ ಮೇಲೆ ಎರಡು ಬೆರಳು ಇಡುತ್ತಿದ್ದರು. ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಆ ವರ್ಷ ಪಕ್ಕದ ದೇಶದವರು ಗಡಿಯ ಒಂದು ರಸ್ತೆ ಮುಚ್ಚಿದರು. ಮುಚ್ಚಿದ ಸುದ್ದಿ ತಿಳಿಯದೆ ಆಚೆ ಹೋದ ನಮ್ಮ ಏಳು ಲಾರಿಗಳನ್ನು ಹಿಡಿದು, ಏಳು ಡ್ರೈವರುಗಳನ್ನು ಒಳಗೆ ಹಾಕಿದರು. ಐದನೆಯ ಲಾರಿ ನನ್ನ ತಮ್ಮನದು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ನಾನೇ ಸ್ಟೇರಿಂಗ್ ಹಿಡಿಯಲು ಕಲಿಸಿದ ಹುಡುಗ. ಒಂಬತ್ತು ದಿನ ಅವನ ದನಿ ಕೇಳಿರಲಿಲ್ಲ. ಅಮ್ಮ ಬಾಗಿಲ ಬಳಿ ಬಿದ್ದಿದ್ದ ಅವನ ಹಳೇ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಲೂ ಬಿಡಲಿಲ್ಲ.

ನಮ್ಮ ಕಚೇರಿಯಲ್ಲಿ ಗಡಿ ವಿಭಾಗ ನೋಡಿಕೊಳ್ಳುವ ಒಬ್ಬ ಮೇಡಂ ಇದ್ದರು. ಆ ಒಂಬತ್ತು ದಿನವೂ ಬಾಗಿಲು ಮುಚ್ಚಿಕೊಂಡು ಆಚೆಯವರ ಜೊತೆ ಫೋನಿನಲ್ಲಿ ಮಾತಾಡಿದವರು ಅವರು. ಹತ್ತನೆಯ ದಿನ ಬೆಳಿಗ್ಗೆ ನನ್ನನ್ನೂ ಟಪಾಲಣ್ಣನನ್ನೂ ಒಳಗೆ ಕರೆದರು. ಕಣ್ಣು ಕೆಂಪಗಾಗಿದ್ದವು.

"ಮಾತು ಒಂದು ಹದಕ್ಕೆ ಬಂದಿದೆ. ಪತ್ರ ಇವತ್ತು ಸಂಜೆ ಐದರೊಳಗೆ ಅವರ ಕೈ ಸೇರಬೇಕು. ಸೇರಿದ್ರೆ ನಾಳೆ ಏಳೂ ಜನರನ್ನ ಗಡಿಗೆ ತಂದು ಬಿಡ್ತಾರೆ. ಸೇರಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಕೋರ್ಟಿಗೆ ಹಾಜರು ಮಾಡ್ತಾರೆ. ಕೋರ್ಟಿಗೆ ಹೋದ್ರೆ ಇನ್ನು ವರ್ಷಗಳ ಮಾತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಕೂಡ ಹೇಳ್ಬೇಡಪ್ಪ. ಪತ್ರ ತಲುಪೋ ತನಕ ಯಾರೂ ಉಸಿರೆತ್ತಬಾರದು" ಎಂದರು.

ಪತ್ರದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಟಪಾಲಣ್ಣನ ಜೊತೆಯಲ್ಲಿದ್ದು ಅಷ್ಟಾದರೂ ಕಲಿತಿದ್ದೆ.

ಪತ್ರ ಸಿದ್ಧವಾಗಿ ಟಪಾಲು ಕೋಣೆಗೆ ಬರುವಷ್ಟರಲ್ಲಿ ಒಂದೂಕಾಲು. ಟಪಾಲಣ್ಣ ಅರಗು ಕರಗಿಸಿ ಮೊಹರು ಒತ್ತುತ್ತಿದ್ದಾಗ ಒಳಗೆ ಬಂದವನೇ ಮಂತ್ರಿಗಳ ಪೇಜಿನ ಆ ಮನುಷ್ಯ. ನಾವು ಅವನಿಗಿಟ್ಟ ಹೆಸರು ಬೆರಳು ಸಾಹೇಬ. ಇಡೀ ಕಚೇರಿಯಲ್ಲಿ ಬರೀ ಹೆಬ್ಬೆರಳಿನಿಂದ ಸಂಬಳ ಪಡೆಯುತ್ತಿದ್ದವನು ಅವನೊಬ್ಬನೇ.

"ಅಣ್ಣ, ಒಂದು ಫೋಟೋ. ಕೈ, ಮೊಹರು, ಅಷ್ಟೇ. ಮುಖ ಬರಲ್ಲ."

"ಯಾತಕ್ಕೆ ಸಾರ್?"

"ದಾಖಲೆಗೆ."

"ದಾಖಲೆಗೆ ಪುಸ್ತಕ ಇದೆಯಲ್ಲ."

"ಅಯ್ಯೋ, ನಿಮ್ಮ ಪುಸ್ತಕ ಯಾರು ನೋಡ್ತಾರೆ ಅಣ್ಣ?" ಎಂದು ನಗುತ್ತಲೇ ಮೂರು ಸಲ ಕ್ಲಿಕ್ಕಿಸಿದ. ಟಪಾಲಣ್ಣ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಹೋಗಿಯೇಬಿಟ್ಟಿದ್ದ.

ನಾವು ಹೊರಟು ಎರಡು ಸಿಗ್ನಲ್ ದಾಟಿರಲಿಲ್ಲ, ನನ್ನ ಹೆಂಡತಿಯ ಫೋನ್ ಬಂತು. ಅಳುತ್ತಾ ನಗುತ್ತಿದ್ದಳು. "ರೀ, ನೋಡಿದ್ರಾ? ಇವತ್ತೇ ಬಿಡ್ತಾರಂತೆ! ಮಂತ್ರಿಗಳು ಹಾಕಿದ್ದಾರೆ. ಅಮ್ಮ ಆಗಲೇ ಅವನ ಹಾಸಿಗೆ ಝಾಡಿಸ್ತಿದ್ದಾರೆ."

ಕಾರು ಪಕ್ಕಕ್ಕೆ ಹಾಕಿ ಫೋನ್ ತೆರೆದೆ. ಮಂತ್ರಿಗಳ ಪೇಜಿನಲ್ಲಿ ಕೆಂಪು ಮೊಹರು, ಅದರ ಪಕ್ಕದಲ್ಲಿ ಟಪಾಲಣ್ಣನ ಎರಡು ಬೆರಳು. ಮೇಲೆ ಬರೆದಿತ್ತು: 'ನಾವು ಯಾರ ಮುಂದೆಯೂ ತಲೆಬಾಗುವವರಲ್ಲ. ನಮ್ಮ ಏಳು ಜನರನ್ನು ಇಂದೇ ಬಿಡಿ, ಇಲ್ಲವಾದರೆ ಪರಿಣಾಮ ಎದುರಿಸಿ. ಖಡಕ್ ಪತ್ರ ಹೊರಟಿದೆ.' ಹನ್ನೆರಡು ನಿಮಿಷದಲ್ಲಿ ಎಂಟು ಸಾವಿರ ಜನ ಮೆಚ್ಚಿದ್ದರು.

ಓದಿ ಹೇಳಿದೆ. ಟಪಾಲಣ್ಣ ಮುಂದಕ್ಕೆ ಬಾಗಿ ಪರದೆ ನೋಡಿದರು. ಅವರದ್ದು ಗುಂಡಿ ಒತ್ತುವ ಹಳೇ ಫೋನು. ಇಂಥದ್ದನ್ನೆಲ್ಲ ಯಾರಾದರೂ ಓದಿ ಹೇಳಿದರಷ್ಟೇ ಅವರಿಗೆ ಗೊತ್ತಾಗುತ್ತಿತ್ತು.

"ಎಲ್ಲರಿಗೂ ಕಾಣ್ಸುತ್ತಾ ಇದು?"

"ಲೋಕಕ್ಕೆಲ್ಲ ಕಾಣ್ಸುತ್ತೆ ಅಣ್ಣ."

"ಆಚೆಯವರಿಗೂ?"

"ಅವರಿಗೇ ಮೊದಲು."

"ಓಡಿಸು" ಎಂದರು. ಅಷ್ಟೇ.

ಪಕ್ಕದ ದೇಶದ ರಾಯಭಾರ ಕಚೇರಿ ಒಂದು ಅಗಲ ಬೀದಿಯ ಕೊನೆಯಲ್ಲಿತ್ತು. ಕಬ್ಬಿಣದ ಸರಳಿನ ಗೇಟು, ಗೇಟಿನಿಂದ ಹತ್ತು ಹೆಜ್ಜೆಗೆ ಜಗಲಿ, ಜಗಲಿಯಲ್ಲಿ ಟಪಾಲು ತೆಗೆದುಕೊಳ್ಳುವ ಕಿಟಕಿ, ಒಂದು ಕಬ್ಬಿಣದ ಕುರ್ಚಿ. ಕಿಟಕಿಯ ಮೇಲೆ ದುಂಡನೆಯ ಗಡಿಯಾರ. ಹೊರಗಿನವರ ಫೋನು ಒಳಗೆ ಬಿಡುವುದಿಲ್ಲ. ಟಪಾಲಣ್ಣ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಗೇಟಿನೊಳಗೆ ಹೋದರು. ನಾನು ಸರಳು ಹಿಡಿದು ಹೊರಗೆ ನಿಂತೆ. ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

ಕಿಟಕಿಯ ಗುಮಾಸ್ತ ದಪ್ಪ ಕನ್ನಡಕದವನು. ಈ ಊರಿಗೆ ಬಂದು ಹನ್ನೊಂದು ವರ್ಷವಾಗಿ ನಮ್ಮ ಮಾತು ಚೆನ್ನಾಗಿಯೇ ಕಲಿತಿದ್ದ. ಅವನಿಗೂ ಟಪಾಲಣ್ಣನಿಗೂ ಪರಸ್ಪರರ ಹೆಸರು ಗೊತ್ತಿರಲಿಲ್ಲ, ಸಹಿ ಮಾತ್ರ ಗೊತ್ತಿತ್ತು. ಅವತ್ತು ಅವನು ಕೈ ಚಾಚಲಿಲ್ಲ.

"ಇವತ್ತು ತಗೊಳ್ಳೋಕಾಗಲ್ಲ ಅಣ್ಣ. ಮೇಲಿಂದ ಹೇಳಿದ್ದಾರೆ. ಪತ್ರ ಆಗಲೇ ಓದಿಯಾಯ್ತಂತೆ, ಫೋನಲ್ಲಿ."

"ಪತ್ರ ಇಲ್ಲಿದೆಯಲ್ಲಪ್ಪ. ಮೊಹರು ಒಡೆದಿಲ್ಲ."

"ನನಗೆ ಗೊತ್ತಾಗುತ್ತೆ. ಆದ್ರೆ ನಾನೇನು ಮಾಡ್ಲಿ? ನೀವು ಹೊರಟುಬಿಡಿ."

ಟಪಾಲಣ್ಣ ಕುರ್ಚಿ ನೋಡಿದರು. "ಕಾಲು ನೋವು. ಸ್ವಲ್ಪ ಕೂತಿರಲಾ?"

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. ಆ ಕಟ್ಟುಪಾಡು ಅವನಿಗೂ ಗೊತ್ತಿತ್ತು. "ಕೂತ್ಕೊಳ್ಳಿ. ಕೂರಬೇಡ ಅಂತ ಮೇಲಿಂದ ಹೇಳಿಲ್ಲ" ಎಂದು ಕಿಟಕಿ ಅರ್ಧ ಎಳೆದುಕೊಂಡ.

ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ.

ಎರಡೂವರೆಗೆ ಜನ ಬರತೊಡಗಿದರು. ಪೋಸ್ಟ್ ನೋಡಿ ಬಂದವರು. ಒಬ್ಬ ಬಾವುಟ ಹಿಡಿದಿದ್ದ, ಉಳಿದವರು ಫೋನು. ಒಬ್ಬಳು ಮೈಕು ಹಿಡಿದು ತನ್ನದೇ ಫೋನಿನ ಮುಂದೆ, "ವೀಕ್ಷಕರೇ, ಖಡಕ್ ಪತ್ರ ಒಳಗೆ ಹೋಗಿದೆ, ಕ್ಷಣಕ್ಷಣದ ಮಾಹಿತಿ ಕೊಡ್ತೀವಿ" ಎಂದು ಕೂಗುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ನೂರು ಜನ. ಒಳಗಿನ ಕಟ್ಟಡದ ಮೇಲಿನ ಕಿಟಕಿಗಳ ಪರದೆ ಒಂದೊಂದಾಗಿ ಮುಚ್ಚಿಕೊಂಡವು. ಒಂದೊಂದು ಪರದೆ ಮುಚ್ಚಿದಾಗಲೂ ನನ್ನ ತಮ್ಮನ ಮೇಲೆ ಒಂದೊಂದು ಬಾಗಿಲು ಹಾಕಿದಂತಾಗುತ್ತಿತ್ತು. ಕೂಗಬೇಡಿ ಎಂದು ಒಬ್ಬನ ತೋಳು ಹಿಡಿದೆ. "ಯಾಕ್ರೀ, ನೀವು ಅವರ ಕಡೇನಾ?" ಎಂದ.

ಗೇಟಿನ ಗಾರ್ಡು ಅಷ್ಟರಲ್ಲಿ ರೇಗಿಹೋಗಿದ್ದ. ಗೇಟಿನ ಚಿಕ್ಕ ಬಾಗಿಲು ಅರ್ಧ ತೆರೆದು ತಲೆ ಹೊರಗೆ ಹಾಕಿ, "ಕಾರು ತೆಗಿ, ಕಾರು ತೆಗಿ" ಎಂದು ನನ್ನ ಮೇಲೆ ಕೂಗಿದ.

"ಸರ್ಕಾರಿ ಕಾರು. ನಮ್ಮವರು ಒಳಗಿದ್ದಾರೆ."

"ಒಳಗಿದ್ದು ಏನು ಪ್ರಯೋಜನ? ನಿಮ್ಮ ಮಂತ್ರಿ ಫೋನಲ್ಲೇ ಬಿಡಿಸ್ಕೊಳ್ತಾನಲ್ಲ, ಬಿಡಿಸ್ಕೊಳ್ಳಿ. ಅಲ್ಲಿತನಕ ನಿಮ್ಮ ಡ್ರೈವರುಗಳು ನಮ್ಮಲ್ಲಿ ನೆಲ ಒರೆಸ್ತಾ ಇರಲಿ."

ನನ್ನ ಮೈಯೆಲ್ಲ ಉರಿದುಹೋಯಿತು. ಭುಜದ ಮೇಲೆ ಎರಡು ಬೆರಳು ಇಡುವವರು ಹತ್ತು ಹೆಜ್ಜೆ ದೂರದಲ್ಲಿದ್ದರು. ಬೀಸಿದೆ. ಅವನು ತಲೆ ಹಿಂದಕ್ಕೆ ಎಳೆದುಕೊಂಡ, ನನ್ನ ಕೈ ಟೋಪಿಗೆ ತಗುಲಿತು. ಟೋಪಿ ಹಾರಿ ಗೇಟಿನೊಳಗೆ ನೆಲದ ಮೇಲೆ ಉರುಳಿತು.

ಆ ಒಂದು ಕ್ಷಣ ಫೋನುಗಳೆಲ್ಲ ಆ ಮೈಕಿನ ಹೆಂಗಸಿನ ಕಡೆ ಇದ್ದವು. ಯಾರೂ ನೋಡಲಿಲ್ಲ. ಗಾರ್ಡಿನ ಕೈ ಮಾತ್ರ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು, ಇನ್ನೊಂದು ಕೈ ಕೊರಳಿನ ಸೀಟಿಗೆ. ಸೀಟಿ ಊದಿದರೆ ಗೇಟು ಮುಚ್ಚುತ್ತದೆ, ಒಳಗಿರುವ ಹೊರಗಿನವರನ್ನು ತಳ್ಳುತ್ತಾರೆ. ಟಪಾಲಣ್ಣ ಪತ್ರದ ಸಮೇತ ಹೊರಗೆ ಬಂದು ಬೀಳುತ್ತಾರೆ. ತಮ್ಮ ಕೋರ್ಟಿಗೆ ಹೋಗುತ್ತಾನೆ. ಇಷ್ಟೂ ನನಗೆ ಹೊಳೆದದ್ದು ಕೈ ಬೀಸಿದ ಮೇಲೆ.

ಟಪಾಲಣ್ಣ ಯಾವಾಗ ಎದ್ದು ಬಂದರೋ ತಿಳಿಯದು. ಲಕೋಟೆ ಕಂಕುಳಲ್ಲಿ ಅವುಚಿಕೊಂಡು, ಗಾರ್ಡಿನ ಬೂಟಿನ ಪಕ್ಕದಲ್ಲಿ ಬಿದ್ದಿದ್ದ ಟೋಪಿಗಾಗಿ ಸೊಂಟ ಬಗ್ಗಿಸಿದರು. ಅವರ ಬೆನ್ನು ಬೇಗ ಬಾಗುವಂಥದ್ದಲ್ಲ. ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದರಲ್ಲಿ ಟೋಪಿ ಎತ್ತಿದರು. ಕರವಸ್ತ್ರದಿಂದ ಅದರ ಧೂಳು ಒರೆಸಿದರು. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಇವನು ನನ್ನ ತಮ್ಮನಿದ್ದ ಹಾಗೆ. ಇವನ ತಮ್ಮ ನಿಮ್ಮ ಜೈಲಲ್ಲಿದ್ದಾನೆ. ಹತ್ತು ದಿನ ಆಯ್ತು. ಇವತ್ತೊಂದಿನ ಬಿಟ್ಟುಬಿಡಪ್ಪ" ಎಂದರು.

ಗಾರ್ಡು ಟೋಪಿ ತೆಗೆದುಕೊಂಡ. ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಸೀಟಿ ಊದಲಿಲ್ಲ.

ಆದರೆ ಅಷ್ಟರಲ್ಲಿ ಫೋನುಗಳು ಗೇಟಿನ ಕಡೆ ತಿರುಗಿದ್ದವು. ಅವುಗಳಿಗೆ ಸಿಕ್ಕದ್ದು ನನ್ನ ಕೈಯಲ್ಲ. ಪರದೇಶದ ಗಾರ್ಡಿನ ಬೂಟಿನ ಮುಂದೆ ಬಾಗಿದ ನಮ್ಮ ಸರ್ಕಾರದ ಮನುಷ್ಯ, ಕಂಕುಳಲ್ಲಿ ಕೆಂಪು ಮೊಹರಿನ ಖಡಕ್ ಪತ್ರ. ಐದು ನಿಮಿಷಕ್ಕೆ ಅದು ನನ್ನ ಫೋನಿಗೂ ಬಂತು. 'ತಲೆಬಾಗುವವರಲ್ಲವಂತೆ, ಸೊಂಟ ಬಾಗುತ್ತದಂತೆ' ಎಂದು ಕೆಳಗೆ ಬರೆದಿದ್ದರು.

ಮೂರೂವರೆಗೆ ಟಪಾಲಣ್ಣನ ಫೋನಿಗೆ ಆಡಳಿತ ವಿಭಾಗದ ಸಾಹೇಬರ ಕರೆ ಬಂತು. "ಎಲ್ಲಿದ್ದಾನೆ ಅವನು? ದೇಶದ ಮಾನ ಬೀದಿಗೆ ಬಂದಿದೆ. ಮಂತ್ರಿಗಳು ಕೆಂಡಾಮಂಡಲ ಆಗಿದ್ದಾರೆ. ಈ ಕ್ಷಣ ವಾಪಸ್ ಕರ್ಕೊಂಡು ಬಾ. ಪತ್ರದ ಸಮೇತ."

ಫೋನ್ ಇಟ್ಟ ಎರಡು ನಿಮಿಷಕ್ಕೆ ನನ್ನ ಫೋನಿಗೆ ಗಡಿ ವಿಭಾಗದ ಮೇಡಂ. ದನಿ ತಗ್ಗಿಸಿ ಮಾತಾಡಿದರು. "ಇನ್ನೂ ಒಳಗಿದ್ದಾರಾ?"

"ಇದ್ದಾರೆ ಮೇಡಂ. ಆದರೆ ಸಾಹೇಬರು ವಾಪಸ್..."

"ಅದು ನನಗೆ ಗೊತ್ತಿಲ್ಲ. ನಾನು ನಿನಗೆ ಫೋನೂ ಮಾಡಿಲ್ಲ. ಅವರು ಒಳಗಿರೋ ತನಕ ನಾನು ಆಚೆಯವರ ಜೊತೆ ಮಾತಾಡಬಹುದು. ಹೊರಗೆ ಬಂದ್ರೆ ಮಾತಾಡೋಕೆ ಏನೂ ಉಳಿಯಲ್ಲ."

ನಾನು ಸರಳಿನ ಬಳಿ ಬಂದೆ. ಟಪಾಲಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಅವರ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು.

"ಯಾರೋ ಅದು?"

ಹೇಳಿಬಿಟ್ಟರೆ ಅವರು ಎದ್ದು ಬರಲೇಬೇಕು. ಮೇಲಿನವರ ಮಾತು ಕಿವಿಗೆ ಬಿದ್ದ ಮೇಲೆ ಕೂತಿರುವ ಮನುಷ್ಯ ಅವರಲ್ಲ. ಫೋನು ನಿಂತಿತು, ಮತ್ತೆ ಶುರುವಾಯಿತು.

"ಯಾರೂ ಇಲ್ಲಣ್ಣ. ಯಾವುದೋ ಲೋನ್ ಕಂಪನಿ."

"ಲೋನಾ? ನನಗ್ಯಾರಪ್ಪ ಲೋನು ಕೊಡ್ತಾರೆ" ಎಂದು ಮುಖ ಆಚೆ ತಿರುಗಿಸಿಕೊಂಡರು. ಅವರಿಗೆ ಗೊತ್ತಾಗಿತ್ತು. ಆಮೇಲೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ, ನಾನು ಏನಾದರೂ ಹೇಳಿಬಿಟ್ಟೇನು ಎಂದು.

ನಾಲ್ಕಾಯಿತು. ನಾಲ್ಕೂವರೆಯಾಯಿತು. ಸಾಹೇಬರಿಂದ ಹನ್ನೊಂದು ಸಲ ಫೋನ್ ಬಂದಿತ್ತು. ಜನ ಬೇಸತ್ತು ಕರಗುತ್ತಿದ್ದರು. ಮೈಕಿನವಳು ನೀರು ಕುಡಿದು ಹೊರಟುಹೋದಳು.

ನಾಲ್ಕು ಗಂಟೆ ನಲವತ್ತಕ್ಕೆ ಗುಮಾಸ್ತ ಕಿಟಕಿ ಬಿಟ್ಟು ಜಗಲಿಗೇ ಬಂದ. ದನಿ ತೀರಾ ತಗ್ಗಿಸಿದ. ನಾನು ಸರಳಿಗೆ ಕಿವಿ ಒತ್ತಿದೆ.

"ಅಣ್ಣ, ಒಳಗೆ ಕೇಳ್ತಿದ್ದಾರೆ. ಫೋನಲ್ಲಿ ಇರೋದೇ ಈ ಪತ್ರದಲ್ಲೂ ಇದೆಯಾ ಅಂತ. ಅದೇ ಇದ್ರೆ ತಗೊಂಡು ನಾವು ನಗೆಪಾಟಲಾಗೋದು ಬೇಡ ಅಂತಾರೆ. ನಿಮ್ಮ ಮೇಡಂ ಬೇರೆ ಅಂತಾರಂತೆ, ನಿಮ್ಮ ಮಂತ್ರಿ ಇದೇ ಅಂತಾರೆ. ಯಾರನ್ನ ನಂಬೋದು?"

"ಒಳಗೆ ಏನಿದೆ ಅಂತ ನನಗೆ ಗೊತ್ತಿಲ್ಲ ಮಾರಾಯ. ಗೊತ್ತಿರಬಾರದು."

"ಗೊತ್ತಿಲ್ಲ ಅಂತ ಹೋಗಿ ಹೇಳ್ಲಾ?"

ಟಪಾಲಣ್ಣ ಲಕೋಟೆಯನ್ನು ತೊಡೆಯ ಮೇಲಿಟ್ಟು ಮೊಹರಿನ ಮೇಲೆ ಬೆರಳಾಡಿಸಿದರು. "ಇಷ್ಟು ಹೇಳು. ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಮೊದಲು ಬೈಯೋದಿದ್ರೂ ಪತ್ರದಲ್ಲೇ ಬೈತಿದ್ರು. ಈಗ ಹಾಗಿಲ್ಲ. ಬೈಯೋದಕ್ಕೆ ಫೋನಿದೆ, ಊರಿಗೆಲ್ಲ ಕೇಳ್ಸೋ ಹಾಗೆ ಬೈತಾರೆ, ನಿಮ್ಮವರೂ ಅಷ್ಟೇ, ನಮ್ಮವರೂ ಅಷ್ಟೇ. ಇತ್ತೀಚೆಗೆ ಮೊಹರು ಒತ್ತಿ ನನ್ನ ಕೈಗೆ ಕೊಡೋದು, ಬೇರೆಯವರಿಗೆ ಕೇಳಿಸಬಾರದು ಅನ್ನೋ ಮಾತನ್ನ ಮಾತ್ರ. ಗಟ್ಟಿಯಾಗಿ ಹೇಳೋಕೆ ನಾಚಿಕೆ ಆಗೋ ಮಾತು. ಇದರಲ್ಲೂ ಬೈಗುಳ ಇದ್ರೆ, ನನ್ನನ್ನ ಇಲ್ಲಿಗೆ ಯಾಕೆ ಕಳಿಸ್ತಿದ್ರು?"

ಗುಮಾಸ್ತ ಅವರನ್ನೇ ನೋಡುತ್ತಾ ನಿಂತ. ಆಮೇಲೆ ಸರಸರನೆ ಒಳಗೆ ಹೋದ.

ನನ್ನ ಕೈಗಡಿಯಾರದಲ್ಲಿ ಐದಕ್ಕೆ ಐದು. ಐದಕ್ಕೆ ಎರಡು. ಐದು. ಗೇಟಿನ ಕಟ್ಟೆಯ ಮೇಲೆ ಕೂತೆ. ಮುಗಿಯಿತು ಎಂದುಕೊಂಡೆ. ಅಮ್ಮನಿಗೆ ಏನು ಹೇಳುವುದು ಎಂದು ಮಾತು ಜೋಡಿಸತೊಡಗಿದೆ. ಐದು ದಾಟಿ ಮೂರು ನಿಮಿಷಕ್ಕೆ ಕಿಟಕಿ ಪೂರ್ತಿ ತೆರೆಯಿತು.

"ಕೊಡಿ" ಎಂದ ಗುಮಾಸ್ತ.

ಟಪಾಲಣ್ಣ ಪತ್ರ ಕೊಟ್ಟರು, ಪುಸ್ತಕ ತೆರೆದರು. ದಾರದ ಪೆನ್ನು ಹಿಡಿದ ಗುಮಾಸ್ತ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಅದು ಏಳು ನಿಮಿಷ ಹಿಂದಿತ್ತು. ನಾಲ್ಕು ಗಂಟೆ ಐವತ್ತಾರು ನಿಮಿಷ ಎಂದು ಬರೆದು ಸಹಿ ಹಾಕಿದ.

ಹೊರಗೆ ಬಂದ ಟಪಾಲಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ನಾನು ಏನೋ ಹೇಳಲು ತಿರುಗಿದೆ. "ಮೊದಲು ಎಲ್ಲಾದರೂ ನಿಲ್ಸು, ಹೊಟ್ಟೆಗೆ ಏನಾದ್ರೂ ಹಾಕ್ಕೋಬೇಕು. ಬೆಳಿ‌ಗ್ಗೆಯಿಂದ ಏನೂ ಇಲ್ಲ" ಎಂದರು.

ಮರುದಿನ ಹನ್ನೊಂದು ಗಂಟೆಗೆ ಏಳೂ ಜನ ಗಡಿ ದಾಟಿದರು. ನನ್ನ ತಮ್ಮ ಮೈ ಇಳಿದು, ಗಡ್ಡ ಬಿಟ್ಟುಕೊಂಡು ಬಂದ. 'ಖಡಕ್ ಪತ್ರಕ್ಕೆ ಬೆಚ್ಚಿದರು' ಎಂದು ಬೆರಳು ಸಾಹೇಬ ಹಾಕಿದ್ದಕ್ಕೆ ಎರಡು ಲಕ್ಷ ಮೆಚ್ಚುಗೆ. ಪತ್ರದಲ್ಲಿದ್ದದ್ದು, ನಮ್ಮ ಲಾರಿಗಳು ಮುಚ್ಚಿದ ರಸ್ತೆಗೆ ಬಂದದ್ದಕ್ಕೆ ವಿಷಾದ ಎಂಬ ನಾಲ್ಕು ಸಾಲು ಎಂದು ಮೇಡಂ ವರ್ಗವಾಗಿ ಹೋಗುವ ಮುನ್ನ ನನಗೆ ಹೇಳಿದರು.

ಅದು ಹೋಗಲಿ. ಹದಿನೈದು ದಿನಕ್ಕೆ ವಿಚಾರಣೆ ಇಟ್ಟರು. ದೇಶದ ಮಾನ ಕಳೆದ ಆ ಫೋಟೋದ ಬಗ್ಗೆ. ಆಡಳಿತದ ಸಾಹೇಬರು ಮೇಜಿನ ಆಚೆ, ಟಪಾಲಣ್ಣ ಈಚೆ ನಿಂತು, ನಾನು ಸಾಕ್ಷಿಯಾಗಿ ಬಾಗಿಲ ಪಕ್ಕದಲ್ಲಿ.

"ಟೋಪಿ ಯಾಕೆ ಬಿತ್ತು?"

"ಗಾಳಿಗೆ ಸಾರ್."

"ಗಾಳಿಗೆ ಬಿದ್ದ ಟೋಪಿ ಅವನೇ ಎತ್ಕೊಳ್ತಿದ್ದ. ನಿನಗ್ಯಾಕೆ ಬೇಕಿತ್ತು?"

"ಅಭ್ಯಾಸ ಸಾರ್. ಬಿದ್ದಿದ್ದು ಕಂಡ್ರೆ ಎತ್ತಿಬಿಡ್ತೀನಿ."

ಸಾಹೇಬರು ನನ್ನ ಕಡೆ ತಿರುಗಿದರು. "ನೀನು ಅಲ್ಲೇ ಇದ್ದೆಯಲ್ಲ. ಗಾಳಿ ಇತ್ತಾ?"

ಯಾರ ಮೇಲೂ ಕೈ ಎತ್ತಲು ಹಿಂದೆಮುಂದೆ ನೋಡದ ನಾನು, ಮೇಷ್ಟ್ರ ಬೆತ್ತ ಮುರಿದವನು, ಅವತ್ತು ನೆಲ ನೋಡಿದೆ. ಕೆಲಸ ಹೋದರೆ ಮನೆಯಲ್ಲಿ ಐದು ಜನ. ರಾಯಭಾರ ಕಚೇರಿಯ ಗಾರ್ಡಿನ ಮೇಲೆ ಕೈ ಮಾಡಿದ್ದಕ್ಕೆ ಬರೀ ಕೆಲಸ ಹೋಗುವುದಿಲ್ಲ, ಜೈಲು.

"ಇತ್ತು ಸಾರ್" ಎಂದೆ.

ಟಪಾಲಣ್ಣನನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಕಿಟಕಿಯಿಲ್ಲದ ಕೋಣೆ. ಇಪ್ಪತ್ತಾರು ವರ್ಷ ಊರೆಲ್ಲ ತಿರುಗಿದ ಕಾಲು ಅಲ್ಲಿ ಊದಿಕೊಂಡವು. ಅವರ ಕೆಲಸಕ್ಕೆ ಬೇರೆಯವರನ್ನು ಹಾಕಲೂ ಇಲ್ಲ. ಪತ್ರಗಳೆಲ್ಲ ಮೇಲ್‌ನಲ್ಲಿ ಹೋಗತೊಡಗಿದವು. ಮಗಳನ್ನು ಕೊಟ್ಟ ಮನೆಯವರು ಆ ಫೋಟೋವನ್ನು ತಮ್ಮ ಕುಟುಂಬದ ಗ್ರೂಪಿನಲ್ಲಿ ಹಾಕಿ ನಕ್ಕರಂತೆ. ಮಗಳು ಆರು ತಿಂಗಳು ತವರಿಗೆ ಫೋನ್ ಮಾಡಲಿಲ್ಲ. ಗಂಡನ ಮನೆಯವರ ಮೇಲಿನ ಕೋಪವೋ, ಅಪ್ಪನ ಮೇಲಿನ ನಾಚಿಕೆಯೋ, ಯಾರು ಕೇಳುತ್ತಾರೆ.

ನಾನೂ ತಮ್ಮನೂ ಒಂದು ಸಲ ಅವರ ಮನೆಗೆ ಹೋದೆವು. ತಮ್ಮ ಅವರ ಕಾಲ ಬಳಿ ಕೂತು ಏನೇನೋ ತೊದಲಿದ. ಅವರ ಹೆಂಡತಿ, ನಮಗೆ ಅತ್ತಿಗೆ, ಕಾಫಿ ಲೋಟ ತಂದಿಟ್ಟು ನನ್ನ ಎದುರಿಗೇ ಕೂತರು.

"ಇವರು ಬಾಯಿ ಬಿಡೋದಿಲ್ಲ. ನೀನು ಅಲ್ಲೇ ಇದ್ದೆಯಲ್ಲ, ನೀನಾದ್ರೂ ಹೇಳು. ಇವರು ಯಾಕೆ ಅವನ ಕಾಲ ಹತ್ತಿರ ಬಗ್ಗಿದ್ರು? ನನ್ನ ಗಂಡ ಹಾಗೆ ಬಗ್ಗೋರಲ್ಲ."

ನಾನು ಬಾಯಿ ತೆರೆದೆ.

"ಅವನಿಗೇನು ಗೊತ್ತು? ಅವನು ಕಾರಲ್ಲಿದ್ದ" ಎಂದರು ಟಪಾಲಣ್ಣ, ನನ್ನನ್ನು ನೋಡದೆ. "ಕುಡಿ, ಆರಿಹೋಗುತ್ತೆ."

ನಾನು ಕುಡಿದೆ.

ನಿವೃತ್ತಿಯಾದ ಎರಡನೆಯ ವರ್ಷ ಅವರು ತೀರಿಕೊಂಡರು. ಅವತ್ತು ನಾನು ಮಂತ್ರಿಗಳ ಜೊತೆ ಬೇರೆ ಊರಿನಲ್ಲಿದ್ದೆ. ಕಾರು ಬಿಟ್ಟು ಬರಲು ಆಗಲಿಲ್ಲ. ವಾರದ ಮೇಲೆ ಹೋದಾಗ ಮನೆ ತುಂಬ ನೆಂಟರು. ಮಗಳು ಮೂಲೆಯಲ್ಲಿ ಕೂತಿದ್ದಳು. ಅತ್ತಿಗೆ ನನ್ನ ಕೈ ಹಿಡಿದು ಜಗಲಿಗೆ ಕರೆದುಕೊಂಡು ಬಂದು ಮತ್ತೆ ಅದನ್ನೇ ಕೇಳಿದರು. "ಈಗಲಾದ್ರೂ ಹೇಳಪ್ಪ. ಅವರಿಗೆ ಏನೂ ಆಗೋದಿಲ್ಲ ಇನ್ನು."

ಅವರಿಗೆ ಆಗುವುದಿಲ್ಲ, ನಿಜ. ನನಗೆ ಆಗುತ್ತಿತ್ತು.

"ನಾನು ಕಾರಲ್ಲಿದ್ದೆ ಅತ್ತಿಗೆ" ಎಂದೆ.

ಈಗ ಸರ್ಕಾರಿ ಕೆಲಸ ಬಿಟ್ಟು ಬಾಡಿಗೆ ಕಾರು ಓಡಿಸುತ್ತಿದ್ದೇನೆ. ಯಾರ ಹೆದರಿಕೆಯೂ ಇಲ್ಲ. ಕಳೆದ ತಿಂಗಳು ಎರಡು ಸಲ ಅವರ ಬೀದಿಯವರೆಗೆ ಹೋದೆ. ಎರಡನೆಯ ಸಲ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಯಾರೋ ತರಕಾರಿಯವನ ಜೊತೆ ಮಾತಾಡುತ್ತಾ. ಕಾರು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದರು. ನಾನು ನಿಲ್ಲಿಸಲಿಲ್ಲ.